ಬರೀ ದನಿ ಬರುತ್ತಿದ್ದ ಟಿವಿ

ನಮ್ಮ ಮನೆಯ ಟಿವಿಗೆ ಬಾಗಿಲಿತ್ತು. ಎರಡೂ ಬದಿಯಿಂದ ಎಳೆದು ನಡುವೆ ಕೂಡಿಸುವ ಮರದ ಬಾಗಿಲು, ಅದಕ್ಕೊಂದು ಪುಟ್ಟ ಬೀಗ. ನಾಲ್ಕು ಮರದ ಕಾಲುಗಳ ಮೇಲೆ ನಿಂತಿದ್ದ ಆ ಪೆಟ್ಟಿಗೆಯನ್ನು ಅವ್ವ ದಿನಾ ಬೆಳಿಗ್ಗೆ ದೇವರ ಮಾಡ ಒರೆಸಿದ ಕೂಡಲೇ ಒರೆಸುತ್ತಿದ್ದಳು. ಉಳಿದ ಮನೆಯ ಸರದಿ ಆಮೇಲೆ. ಗೋಕುಲಪೇಠೆಯ ನಮ್ಮ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಅಷ್ಟು ಮರ್ಯಾದೆ ಬೇರೆ ಯಾವ ಸಾಮಾನಿಗೂ ಇರಲಿಲ್ಲ. ನನಗಂತೂ ಇರಲೇ ಇಲ್ಲ.

ಅಪ್ಪ ಆ ಟಿವಿ ಮಾಡುವ ಕಂಪನಿಯ ಮೆಕ್ಯಾನಿಕ್. ಗದಗಿನ ಕಡೆಯ ಮನುಷ್ಯ, ಬೆಂಗಳೂರಿನ ಕಾರ್ಖಾನೆಯಲ್ಲಿ ಕೆಲಸ ಕಲಿತು, ನಾಗಪುರದಲ್ಲಿ ಟಿವಿ ಕಾಣಿಸಿಕೊಂಡ ಹೊಸದರಲ್ಲಿ ಸೀತಾಬರ್ಡಿಯ ಸರ್ವಿಸ್ ಸೆಂಟರಿಗೆ ವರ್ಗವಾಗಿ ಬಂದ. ಆಗ ಊರಿನಲ್ಲಿ ಟಿವಿ ಎಂದರೆ ನಮ್ಮ ಕಂಪನಿಯದೇ. ಹೆಸರು ಬರೆಸಿ ತಿಂಗಳುಗಟ್ಟಲೆ ಕಾಯುತ್ತಿದ್ದರು. ಹೊಸ ಸೆಟ್ಟು ಮನೆಗೆ ಬಂದ ದಿನ ಅಪ್ಪನೇ ಹೋಗಿ ಮೊದಲ ಸಲ ಚಾಲೂ ಮಾಡಬೇಕು, ಅಲ್ಲಿಯವರೆಗೆ ಯಾರೂ ಮುಟ್ಟುವಂತಿಲ್ಲ. ಪೆಟ್ಟಿಗೆಗೆ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು, ‘ಸಾಹೇಬ್, ಯಾ’ ಎಂದು ಮರಾಠಿಯಲ್ಲಿ ಕರೆದು ಕುರ್ಚಿ ಕೊಡುತ್ತಿದ್ದರು. ಅಪ್ಪ ಸಾಹೇಬನಲ್ಲ, ಐಟಿಐ ಮಾಡಿದವನು. ಆದರೆ ಕರ್ಚೀಫಿನಿಂದ ಕೈ ಒರೆಸಿಕೊಂಡು ಅವನು ಗುಂಡಿ ತಿರುಗಿಸುವಾಗ ಮನೆಯವರೆಲ್ಲ ಉಸಿರು ಬಿಗಿಹಿಡಿಯುತ್ತಿದ್ದುದನ್ನು ನಾನೇ ನೋಡಿದ್ದೇನೆ. ಚಿತ್ರ ಮೂಡಿದ ಮೇಲೆ ಪೇಢೆ. ಅದರಲ್ಲಿ ಒಂದು ಪೊಟ್ಟಣ ನನ್ನ ಪಾಲಿಗೆ.

ಸರ್ವಿಸ್ ಸೆಂಟರಿನ ಬಾಗಿಲ ಮೇಲೆ ಒಂದು ಬೋರ್ಡು ಇತ್ತು: ಯಾವ ಸೆಟ್ಟನ್ನೂ ಮೂರು ದಿನದೊಳಗೆ ರಿಪೇರಿ ಮಾಡಿ ಕೊಡಲಾಗುವುದು. ಕಂಪನಿಯ ಒಳ್ಳೆಯ ದಿನಗಳಲ್ಲಿ ಬೆಂಗಳೂರಿನಿಂದ ಬಂದ ಬೋರ್ಡು ಅದು. ಬರೆಸಿದವರು ಅದನ್ನು ಯಾವಾಗ ಮರೆತರೋ ಗೊತ್ತಿಲ್ಲ, ಅಪ್ಪ ಮಾತ್ರ ಮರೆಯಲಿಲ್ಲ. ನಮ್ಮ ಮನೆಯ ತಾಪತ್ರಯವೆಲ್ಲ ಶುರುವಾದದ್ದು ಆ ಮೂರು ದಿನದಿಂದಲೇ.

ಭಾನುವಾರ ಮಧ್ಯಾಹ್ನ ದಿಲ್ಲಿಯಿಂದ ಯಾವುದಾದರೊಂದು ಪ್ರಾದೇಶಿಕ ಭಾಷೆಯ ಸಿನಿಮಾ ಬರುತ್ತಿತ್ತು. ಬಂಗಾಳಿ, ಒಡಿಯಾ, ಮಲಯಾಳಂ ಎಲ್ಲ ಮುಗಿದು ಕನ್ನಡದ ಸರದಿ ಬರುವಷ್ಟರಲ್ಲಿ ನಾವು ಭಾಷೆ ಮರೆತುಬಿಡುವಷ್ಟು ಕಾಲ ಆಗಿರುತ್ತಿತ್ತು. ಆ ದಿನ ಸುತ್ತಲಿನ ಕನ್ನಡದವರೆಲ್ಲ ನಮ್ಮ ಮನೆಯಲ್ಲಿ ಸೇರುವುದು ರೂಢಿ. ಆರ್ಡ್‌ನನ್ಸ್ ಫ್ಯಾಕ್ಟರಿಯವರು, ರೈಲ್ವೆಯವರು, ಏರ್‌ಫೋರ್ಸಿನ ಎರಡು ಸಂಸಾರ. ಅವ್ವ ಅವಲಕ್ಕಿ ಹಚ್ಚುತ್ತಿದ್ದಳು. ಬಾಗಿಲಾಚೆ ಚಪ್ಪಲಿಗಳ ರಾಶಿ ನೋಡಿದ ಮನೆ ಮಾಲೀಕರು ಏನು ಕಾರ್ಯಕ್ರಮ ಎಂದು ವಿಚಾರಿಸುತ್ತಿದ್ದರು. ಎಲ್ಲರೂ ಕೂತಾದ ಮೇಲೆ ಅಪ್ಪ ಬೀಗ ತೆಗೆದು ಬಾಗಿಲು ಸರಿಸುತ್ತಿದ್ದ. ಆಗ ಅವನ ಮುಖದಲ್ಲಿ ಬರುತ್ತಿದ್ದ ಗತ್ತಿಗೆ ನಾನು ಒಳಗೊಳಗೇ ನಗುತ್ತಿದ್ದೆ.

ಅವ್ವ ಎಲ್ಲ ಸಿನಿಮಾ ನೋಡುತ್ತಿದ್ದಳು, ಆದರೆ ಕಾಯುತ್ತಿದ್ದದ್ದು ಒಂದಕ್ಕೆ. ಅವಳ ಅಪ್ಪ, ಅಂದರೆ ನನ್ನ ಅಜ್ಜ, ಗದಗ ಹುಬ್ಬಳ್ಳಿ ನಡುವಿನ ಒಂದು ಸಣ್ಣ ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್. ಹಳಿ ಬದಲಿಸುವುದು, ಡಬ್ಬಿ ಜೋಡಿಸುವುದು, ಗಾಡಿಗೆ ಬಾವುಟ ತೋರಿಸುವುದು ಅವನ ಕೆಲಸ. ಅಲ್ಲಿಗೆ ಒಮ್ಮೆ ಸಿನಿಮಾದವರು ಬಂದು, ನಾಯಕ ಊರು ಬಿಡುವ ದೃಶ್ಯ ತೆಗೆದರಂತೆ. ಹಸಿರು ಬಾವುಟ ಎತ್ತಲು ವೇಷದವರೇಕೆ, ಇವನೇ ಇದ್ದಾನಲ್ಲ ಎಂದು ಅಜ್ಜನನ್ನೇ ನಿಲ್ಲಿಸಿದರಂತೆ. ಮರುವರ್ಷ ಅಜ್ಜ ತೀರಿಕೊಂಡ. ನನಗಾಗ ಎರಡು ವರ್ಷ. ಅವನದಿದ್ದ ಒಂದೇ ಫೋಟೊ ಗೋಡೆಯ ನೀರಿಗೆ ನೆಂದು ಮುಖದ ಜಾಗ ಬಿಳುಚಿಹೋಗಿತ್ತು. ಸಿನಿಮಾ ಹೆಚ್ಚು ದಿನ ಓಡಲಿಲ್ಲ, ಬೆಂಗಳೂರಿನಲ್ಲಿ ಕೈಗೂಸು, ಬಡತನ ಎಂದು ಅವ್ವನಿಗೆ ನೋಡಲಾಗಲಿಲ್ಲ. ಮನೆಗೆ ಟಿವಿ ತಂದ ದಿನ ಅಪ್ಪ ಅವಳಿಗೆ ಹೇಳಿದ್ದು ನನಗೆ ನೆನಪಿದೆ: “ಇವತ್ತಲ್ಲ ನಾಳೆ ಆ ಸಿನಿಮಾ ಬಂದs ಬರತೈತಿ. ನಿಮ್ಮಪ್ಪನ್ನ ಮನ್ಯಾಗ ಕುಂತು ನೋಡತಿ.”

ಆಮೇಲೆ ಬಣ್ಣ ಬಂತು. ಎಲ್ಲಿದ್ದವೋ ಏನೋ, ದಿಲ್ಲಿಯ ಕಂಪನಿಗಳು, ಮುಂಬೈಯ ಕಂಪನಿಗಳು, ಹೆಸರೇ ಕೇಳದ ಕಂಪನಿಗಳು ಒಂದೆರಡು ವರ್ಷದಲ್ಲಿ ಸೀತಾಬರ್ಡಿಯ ಅಂಗಡಿಗಳನ್ನು ತುಂಬಿಕೊಂಡವು. ನಮ್ಮ ಕಂಪನಿ ಮಾತ್ರ ಮರದ ಬಾಗಿಲಿಗೆ ಪಾಲಿಶ್ ಹಚ್ಚುತ್ತಾ ಕೂತಿತ್ತು. ಅಂಗಡಿಯ ಗಾಜಿನ ಕಪಾಟಿನಲ್ಲಿ ಮುಂದಿದ್ದ ನಮ್ಮ ಸೆಟ್ಟು ಮೊದಲು ಗೋಡೆಯ ಪಕ್ಕಕ್ಕೆ ಹೋಯಿತು, ನಂತರ ಮಿಕ್ಸರ್‌ಗಳ ಹಿಂದಕ್ಕೆ. ಒಂದು ದಿನ ಅದರ ಮೇಲೆ ಅಂಗಡಿಯವರ ಊಟದ ಡಬ್ಬಿಗಳಿದ್ದವು. ಅಪ್ಪ ಅದನ್ನು ನೋಡಿದ. ಮನೆಗೆ ಬಂದು ಅಂದ: “ಬಣ್ಣ ಅನ್ನೂದು ನಾಕ ದಿನದ ಥಳಕು. ಮನಶ್ಯಾನ ಮಾರಿ ಬರೋಬರ್ ಕಾಣೂದು ಕಪ್ಪು ಬಿಳುಪಿನ್ಯಾಗ.” ಕಡೆಗೊಮ್ಮೆ ಕಂಪನಿಯೂ ಬಣ್ಣದ ಸೆಟ್ಟು ತಂದಿತು. ಎಲ್ಲರೂ ಉಂಡು ಕೈ ತೊಳೆದ ಮೇಲೆ ಬಂದ ಆ ಸೆಟ್ಟು ನಾಗಪುರದ ಒಂದು ಮೇ ತಿಂಗಳನ್ನೂ ತಾಳಲಿಲ್ಲ. ಕೊಂಡವರು ಅಪ್ಪನ ಮುಂದೆ ಕೂಗಾಡಿದರು. ಕಂಪನಿಯ ಮಾಲೀಕರು ಯಾರೂ ಅವರ ಕೈಗೆ ಸಿಗುವಂತಿರಲಿಲ್ಲವಲ್ಲ.

ಸರ್ವಿಸ್ ಸೆಂಟರಿನ ಮ್ಯಾನೇಜರ್ ಬೇರೆ ಕಂಪನಿಗೆ ಹೋದ. ಜೊತೆಗಿದ್ದ ಮೆಕ್ಯಾನಿಕ್‌ಗಳು ಒಬ್ಬೊಬ್ಬರಾಗಿ ಸ್ವಂತ ಅಂಗಡಿ ಹಾಕಿದರು. ಅಪ್ಪನನ್ನೂ ಕರೆದರು. ಅವನು ಹೋಗಲಿಲ್ಲ. ನಿಷ್ಠೆ ಎಂದು ಜನ ಹೊಗಳಬಹುದು. ನನಗೆ ಆಗ ಹತ್ತೊಂಬತ್ತು, ಬಿಎಸ್ಸಿ ಓದುವ ಹುಡುಗಿ, ನನಗದು ಶುದ್ಧ ಹಟ ಎನಿಸಿತ್ತು. ಈಗಲೂ ಅರ್ಧ ಹಾಗೇ ಅನಿಸುತ್ತದೆ.

ಬಿಡಿಭಾಗಗಳು ಬರುವುದು ನಿಂತಿತು. ಅಪ್ಪ ಬೆಂಗಳೂರಿಗೆ ಕಾಗದ ಬರೆಯುತ್ತಿದ್ದ. ‘ಸಾಮಾನು ಶೀಘ್ರದಲ್ಲಿಯೇ ಕಳಿಸಲಾಗುವುದು’ ಎಂದು ಅಲ್ಲಿಂದ ಉತ್ತರ ಬರುತ್ತಿತ್ತು, ಪ್ರತಿ ಸಲವೂ ಅದೇ ಸಾಲು. ಆದರೆ ಬೋರ್ಡಿನ ಮೂರು ದಿನ ಕಾಯುವುದಿಲ್ಲ. ಹೀಗಾಗಿ ಅಪ್ಪ ನಮ್ಮ ಮನೆಯ ಸೆಟ್ಟಿಗೆ ಕೈ ಹಾಕಿದ. ಮೊದಲು ಚಾನೆಲ್ ತಿರುಗಿಸುವ ಗುಂಡಿ ಹೋಯಿತು. ಅದರ ಜಾಗದಲ್ಲಿ ಇಕ್ಕಳ ಹಿಡಿದು ತಿರುಗಿಸುವುದನ್ನು ಅವ್ವ ಕಲಿತಳು. ಆಮೇಲೆ ಒಂದು ವಾಲ್ವು, ಅದರ ಜಾಗಕ್ಕೆ ಅರೆಜೀವದ ಹಳೆಯದು. ಇಬ್ಬರು ಗಿರಾಕಿಗಳ ಸೆಟ್ಟು ನಮ್ಮ ಮನೆಯ ಸಾಮಾನಿನಿಂದ ನಡೆಯುತ್ತಿತ್ತು, ಅವರಿಗೆ ಅದು ಗೊತ್ತಿರಲಿಲ್ಲ. “ತಡೀರಿ, ನನ್ನ ಬಳೀನೂ ಬಿಚ್ಚಿ ಕೊಡತೀನಿ, ಯಾರ ಸೆಟ್ಟಿಗರೆ ಕೂಡತೈತೇನು ನೋಡ್ರಿ” ಎಂದು ಅವ್ವ ಚೇಷ್ಟೆ ಮಾಡುತ್ತಿದ್ದಳು. ಅಪ್ಪನೂ ನಗುತ್ತಿದ್ದ. ನಮ್ಮ ಮನೆಯಲ್ಲಿ ಆ ವಿಷಯಕ್ಕೆ ನಕ್ಕದ್ದು ಅಷ್ಟೇ ದಿನ.

ಆ ಏಪ್ರಿಲ್‌ನಲ್ಲಿ ಮಹಾಲ್ ಭಾಗದ ಒಬ್ಬ ನಿವೃತ್ತ ಹೆಡ್‌ಮಾಸ್ತರರ ಸೆಟ್ಟು ಕೆಟ್ಟಿತು. ಅವರ ಹೆಂಡತಿ ಹಾಸಿಗೆ ಹಿಡಿದವರು, ದಿನವಿಡೀ ಅವರಿಗೆ ಅದೊಂದೇ ಜೊತೆ. ಸುಟ್ಟುಹೋದದ್ದು ಪರದೆಗೆ ಸಾವಿರಾರು ವೋಲ್ಟು ಒದಗಿಸುವ ಟ್ರಾನ್ಸ್‌ಫಾರ್ಮರು, ಮೆಕ್ಯಾನಿಕ್‌ಗಳ ಬಾಯಲ್ಲಿ ಇಎಚ್‌ಟಿ. ಊರಲ್ಲೆಲ್ಲೂ ಅದು ಇರಲಿಲ್ಲ. ಮೂರನೆಯ ದಿನ ಬುಧವಾರ ಸಂಜೆ ಅಪ್ಪ ನಮ್ಮ ಸೆಟ್ಟಿನ ಬೆನ್ನು ಬಿಚ್ಚಿ, ಅಂಗೈಯಗಲದ ಅದನ್ನು ತೆಗೆದು ಟವೆಲಿನಲ್ಲಿ ಸುತ್ತಿಕೊಂಡು ಹೋದ. “ಮುಂದಿನ ವಾರ ಹೊಸಾದು ಬರತೈತಿ, ಕಾಗದ ಬಂದೈತಿ,” ಎಂದ.

ಅದಿಲ್ಲದೆ ಚಿತ್ರ ಬರುವುದಿಲ್ಲ, ದನಿ ಬರುತ್ತದೆ. ಅಂದಿನಿಂದ ಟಿವಿಯ ಬಾಗಿಲು ಹಾಕಿಯೇ ಇತ್ತು, ಒಳಗಿನಿಂದ ವಾರ್ತೆ, ಜಾಹೀರಾತು, ಧಾರಾವಾಹಿಯ ಜಗಳ ಎಲ್ಲ ಕೇಳುತ್ತಿತ್ತು. ಅವ್ವ ಬೇಕೆಂದೇ ದನಿ ಜೋರು ಮಾಡಿಡುತ್ತಿದ್ದಳು. ಟಿವಿ ಮೆಕ್ಯಾನಿಕ್‌ನ ಮನೆಯ ಟಿವಿಯೇ ಕೆಟ್ಟಿದೆ ಎಂದು ಗೊತ್ತಾದರೆ ಕಂಪನಿಯ ಮಾನ ಹೋಗುತ್ತದೆ, ಅಪ್ಪನದೂ ಹೋಗುತ್ತದೆ ಎಂದು ಅವಳ ಲೆಕ್ಕಾಚಾರ. ಮುಚ್ಚಿದ ಮರದ ಬಾಗಿಲ ಮುಂದೆ ನಾವು ಮೂವರು ಕೂತು ಊಟ ಮಾಡುತ್ತಿದ್ದುದನ್ನು ಯಾರಾದರೂ ನೋಡಿದ್ದರೆ ತಲೆ ಕೆಟ್ಟಿದೆ ಅನ್ನುತ್ತಿದ್ದರು.

ಶುಕ್ರವಾರದ ಪೇಪರಿನಲ್ಲಿ ಭಾನುವಾರದ ಸಿನಿಮಾದ ಹೆಸರು ಬಂತು: ಅಜ್ಜ ಬಾವುಟ ಎತ್ತಿದ ಆ ಸಿನಿಮಾ. ನಾನೇ ಓದಿದ್ದು. ಓದಿ ಸುಮ್ಮನಾಗಬೇಕಿತ್ತು, ಬಾಯಿ ತಡೆಯಲಿಲ್ಲ. ಅವ್ವ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದವಳು ಪೇಪರು ಇಸಿದುಕೊಂಡು, ಇಂಗ್ಲಿಷ್ ಓದಲು ಬಾರದಿದ್ದರೂ ನಾನು ತೋರಿಸಿದ ಅಕ್ಷರಗಳನ್ನು ಬಹಳ ಹೊತ್ತು ನೋಡಿದಳು. “ಅದs ಏನು? ಖರೇನs ಅದs?” ಎಂದು ಎರಡು ಸಲ ಕೇಳಿದಳು. ಸಂಜೆ ಅಪ್ಪ ಬಂದಾಗ ಪೇಪರನ್ನು ಅವನ ಚಹಾದ ಪಕ್ಕ ಇಟ್ಟಳು. ಅವನು ಓದಿ, ಚಹಾ ಅರ್ಧಕ್ಕೆ ಬಿಟ್ಟು ಎದ್ದು, ಬೆಂಗಳೂರಿಗೆ ಟ್ರಂಕ್ ಕಾಲ್ ಬುಕ್ ಮಾಡಲು ಹೋದ.

ಪಾರ್ಸೆಲ್ ಹೊರಟು ಎರಡು ದಿನವಾಯಿತು ಎಂದು ಬೆಂಗಳೂರಿನವರು ಹೇಳಿದರಂತೆ. ಶನಿವಾರ ಅಪ್ಪ ಬೆಳಿಗ್ಗೆಯೇ ರೈಲ್ವೆ ಪಾರ್ಸೆಲ್ ಆಫೀಸಿನ ಮುಂದೆ ಹೋಗಿ ಕೂತ. ಬಿಸಿಲು ನೆತ್ತಿಗೇರಿದ ಮೇಲೆ ಒಂದು ಪೆಟ್ಟಿಗೆ ಹೊತ್ತುಕೊಂಡು ರಿಕ್ಷಾದಲ್ಲಿ ಮನೆಗೇ ಬಂದ. ಅವ್ವ ಕತ್ತರಿ ತಂದುಕೊಟ್ಟಳು. ಪೆಟ್ಟಿಗೆಯೊಳಗೆ ಕಂಪನಿಯ ಹೊಸ ಬಣ್ಣದ ಸೆಟ್ಟಿನ ಪೋಸ್ಟರುಗಳಿದ್ದವು. ನುಣುಪು ಕಾಗದ, ನಗುವ ಒಂದು ಸಂಸಾರ, ಹಿಂದೆ ಕಾಮನಬಿಲ್ಲು. ಅಪ್ಪ ತಳದವರೆಗೂ ಕೈ ಹಾಕಿ ಹುಡುಕಿದ. ಪೋಸ್ಟರುಗಳ ಕೆಳಗೆ ಇನ್ನಷ್ಟು ಪೋಸ್ಟರುಗಳು.

“ಹೆಡ್‌ಮಾಸ್ತರ್ ಮನಿಂದ ಒಂದs ಮಧ್ಯಾಹ್ನಕ್ಕ ಇಸಗೊಂಡು ಬರ್ರಿ. ಸಂಜಿಗೆ ವಾಪಸ್ ಹಾಕಿ ಬಂದ್ರಾತು,” ಎಂದೆ ನಾನು.

“ಕೊಟ್ಟದ್ದನ್ನ ಬಿಚ್ಚಿ ತರಾಕ ಆಗೂದಿಲ್ಲವಾ. ಆ ಮುದುಕಿಗೆ ಏನಂತ ಹೇಳ್ಲಿ? ನಮ್ಮ ಕಂಪನ್ಯಾಗ ಸಾಮಾನಿಲ್ಲ ಅಂತ ಹೇಳ್ಲ್ಯಾ?”

“ಹೌದು, ಹೇಳ್ರಿ. ಊರಿಗೆಲ್ಲ ಗೊತ್ತೈತಿ. ಆ ಕಂಪನ್ಯಾಗ ಉಳದವರು ನೀವೊಬ್ಬರs. ಅವ್ವಗ ನಿಮ್ಮ ಮ್ಯಾಲ ಇರೂದಕ್ಕಿಂತ ಆ ಟಿವಿ ಡಬ್ಬಿ ಮ್ಯಾಲ ಮರ್ಯಾದಿ ಜಾಸ್ತಿ ಐತಿ, ಅದಕ್ಕ ಸುಮ್ಮನದಾಳ.”

ಆ ಮಾತು ಅಂದದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ. ಅಪ್ಪ ಪೋಸ್ಟರುಗಳನ್ನು ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕುತ್ತಾ ಕೂತ. ನನ್ನನ್ನು ಗದರಿದ್ದು ಅವ್ವ.

ಭಾನುವಾರ ಅವ್ವ ಬೇಗ ಅಡುಗೆ ಮುಗಿಸಿ, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಪೆಟ್ಟಿಗೆಯಲ್ಲಿದ್ದ ಇಳಕಲ್ ಸೀರೆ ಉಟ್ಟಳು. ಕನ್ನಡದವರು ರೂಢಿಯಂತೆ ನಮ್ಮ ಮನೆಗೇ ಬಂದರೆ ಹೇಳಲು ಎರಡು ದಿನದಿಂದ ಒಂದು ನೆಪ ಹೊಂದಿಸಿಟ್ಟಿದ್ದಳು: ಮಗಳ ಪರೀಕ್ಷೆ, ಅವಳಿಗೆ ಗದ್ದಲ ಆಗೂದಿಲ್ಲ, ಎಲ್ಲಾರೂ ಕಾಕು ಮನಿಗೆ ಹೋಗೂಣು. ಕಾಕು ಎಂದರೆ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವವರೊಬ್ಬರ ಹೆಂಡತಿ, ಎರಡು ಗಲ್ಲಿ ಆಚೆಯ ಮನೆ. ಅವರು ಸಂಕ್ರಾಂತಿಗೆ ಬಣ್ಣದ ಟಿವಿ ತಂದಿದ್ದರು. ಅವ್ವನ ನೆಪ ಅವ್ವನಲ್ಲೇ ಉಳಿಯಿತು, ಯಾಕೆಂದರೆ ಯಾರೂ ಬರಲಿಲ್ಲ. ಕಿಟಕಿಯಿಂದ ನೋಡಿದರೆ ರೈಲ್ವೆಯವರು, ಏರ್‌ಫೋರ್ಸಿನವರು ನಮ್ಮ ಮನೆಯ ಮುಂದೆಯೇ ಹಾದು ಕಾಕು ಮನೆಯ ಕಡೆ ಹೋಗುತ್ತಿದ್ದರು. ಒಬ್ಬರು ನಮ್ಮ ಕಿಟಕಿಗೆ ಕೈ ಬೀಸಿದರು ಕೂಡ. ಅಪ್ಪ ಅದನ್ನು ನೋಡಿದ.

“ನೀ ಹೋಗಿ ಬಾ,” ಎಂದ ಅವ್ವನಿಗೆ. ಹೇಳುವಾಗ ನೆಲ ನೋಡುತ್ತಿದ್ದ.

ಅವ್ವ ಚಪ್ಪಲಿ ಮೆಟ್ಟಿದಳು. ಹೊಸ್ತಿಲು ದಾಟಿ ನಿಂತು ಒಮ್ಮೆ ಹಿಂದೆ ನೋಡಿದಳು. ಅಪ್ಪ ಮುಚ್ಚಿದ ಟಿವಿಯ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ, ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು, ಮಾಡಲು ಕೆಲಸವಿರಲಿಲ್ಲ. ಅವ್ವ ಚಪ್ಪಲಿ ಬಿಟ್ಟು ಒಳಗೆ ಬಂದಳು. “ಬಿಸಲಿಗೆ ತಲಿ ನೋಯಾಕತ್ತೈತಿ. ನಾ ಇಲ್ಲೇ ಕೇಳತೀನಿ,” ಎಂದು, ನನ್ನನ್ನು ಬಾಗಿಲಾಚೆಗೆ ಕರೆದು ತಗ್ಗಿದ ದನಿಯಲ್ಲಿ ಹೇಳಿದಳು: “ನೀ ಹೋಗು. ಸ್ಟೇಷನ್ ಬಂದಾಗ ಕಣ್ಣ ಪಿಳಕಿಸಬ್ಯಾಡ. ಹೆಂಗ ಇದ್ದ ಅಂತ ಬಂದು ನನಗ ಹೇಳು.”

ಕಾಕು ಮನೆಯಲ್ಲಿ ಕೂಲರ್ ಹಾಕಿದ್ದರು, ಲಾವಂಚದ ವಾಸನೆ. ಎಲ್ಲರೂ ಹಳೆಯ ಜಾಗ ಬದಲಾಗಿದ್ದನ್ನು ಗಮನಿಸದವರಂತೆ ಆರಾಮಾಗಿ ಕೂತಿದ್ದರು. ಸಿನಿಮಾ ಕಪ್ಪು ಬಿಳುಪಿನದು. ಬಣ್ಣದ ಟಿವಿಯಲ್ಲಿ ಅದು ತುಸು ನೀಲಿಯಾಗಿ ಕಾಣುತ್ತಿತ್ತು. ನನಗೆ ಕಥೆ ಒಂದೂ ತಲೆಗೆ ಹೋಗಲಿಲ್ಲ, ರೈಲಿಗಾಗಿ ಕಾಯುತ್ತಿದ್ದೆ. ಕಡೆಗೆ ನಾಯಕ ಟ್ರಂಕು ಹಿಡಿದು ನಡೆದ, ತಗಡಿನ ಮಾಡಿನ ಪುಟ್ಟ ಸ್ಟೇಷನ್ ಕಂಡಿತು, ಸೀಟಿ ಕೂಗಿತು. ಆಗ ಚೂಡಾದ ಪ್ಲೇಟು ಹಿಡಿದು ಬಂದ ಕಾಕು ನನ್ನ ಭುಜ ತಟ್ಟಿದರು.

“ಅವ್ವ ಯಾಕ ಬರ್ಲಿಲ್ಲವಾ? ನಿಮ್ಮ ಟಿವಿ ಚಾಲೂ ಐತಿಲ್ಲ?”

ನಾನು ತಿರುಗಿ, ಮುಖ ನೆಟ್ಟಗೆ ಮಾಡಿಕೊಂಡು ಹೇಳಿದೆ: “ಐತ್ರಿ ಕಾಕು, ಮಸ್ತ್ ಚಾಲೂ ಐತಿ. ಅವ್ವ ಅಲ್ಲೇ ನೋಡಾಕತ್ತಾಳ.”

ಮತ್ತೆ ಪರದೆಯ ಕಡೆ ತಿರುಗಿದಾಗ ಗಾಡಿಯ ಹೊಗೆ ಮಾತ್ರ ಉಳಿದಿತ್ತು. ಅದರ ಹಿಂದೆ ಖಾಲಿ ಹಳಿ. ನಂತರ ನಾಯಕಿ ಬಾವಿಕಟ್ಟೆಯ ಮೇಲೆ ಕೂತು ಅಳುತ್ತಿದ್ದಳು. ನಾನು ಸಿನಿಮಾ ಮುಗಿಯುವವರೆಗೂ ಕೂತೆ, ಇನ್ನೊಮ್ಮೆ ಸ್ಟೇಷನ್ ಬಂದೀತೇನೋ ಎಂದು. ಬರಲಿಲ್ಲ.

ಮನೆಗೆ ಎರಡು ಗಲ್ಲಿಯ ದಾರಿ. ನಿಜ ಹೇಳುವುದೋ ಬೇಡವೋ ಎಂದು ಯೋಚಿಸಲು ಅಷ್ಟು ದಾರಿ ಸಾಕಾಗಲಿಲ್ಲ. ಅವ್ವ ಅಂಗಳದಲ್ಲೇ ನಿಂತಿದ್ದಳು, ಅದೇ ಸೀರೆಯಲ್ಲಿ. ಒಳಗೆ ಅಪ್ಪ ಇನ್ನೂ ಸ್ಟೂಲಿನ ಮೇಲಿದ್ದ.

“ಸೀಟಿ ಕೇಳಿಸ್ತು ನನಗ. ಗಾಡಿ ಹೊಂಟದ್ದೂ ಕೇಳಿಸ್ತು. ನೋಡಿದೇನು?”

“ನೋಡಿದೆ.”

“ಹೆಂಗಿದ್ದ?”

“ಛಲೋ ಇದ್ದ. ನಗಾಕತ್ತಿದ್ದ.”

“ಝಂಡಾ ಯಾವ ಕೈಯಾಗ ಇತ್ತು?”

ಬಾವುಟ ಇನ್ನಾವ ಕೈಯಲ್ಲಿ ಇರುತ್ತದೆ? “ಬಲಗೈಯಾಗ,” ಎಂದೆ.

ಅವ್ವ ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ಒಳಗಿನವರಿಗೂ ಕೇಳುವಷ್ಟು ಜೋರಾಗಿ ಹೇಳಿದಳು: “ಹೌದು, ಬಲಗೈ. ಹಂಗs ಎತ್ತತಿದ್ದ ನಮ್ಮಪ್ಪ.” ಒಳಗೆ ಹೋಗಿ ಸೀರೆ ಬದಲಿಸಿ, ಇಳಕಲ್ ಸೀರೆಯನ್ನು ಮಡಿಚಿ ಪೆಟ್ಟಿಗೆಯಲ್ಲಿಟ್ಟಳು.

ಇಎಚ್‌ಟಿ ಹನ್ನೊಂದು ದಿನಕ್ಕೆ ಬಂತು. ಅಪ್ಪ ಅದನ್ನು ಕೂಡಿಸಿ, ಗುಂಡಿಯಿಲ್ಲದ ಸರಳನ್ನು ಇಕ್ಕಳದಿಂದ ತಿರುಗಿಸಿ, ಬಾಗಿಲು ಪೂರ್ತಿ ಸರಿಸಿ, ಅವ್ವನನ್ನು ಕರೆದ. ಚಿತ್ರ ಸ್ವಚ್ಛವಾಗಿತ್ತು. “ಬಂತೇನ್ರಿ? ಛಲೋ ಆತು,” ಎಂದ ಅವ್ವ ಅಕ್ಕಿ ಹಸನು ಮಾಡುವ ಮೊರ ಹಿಡಿದು ಟಿವಿಗೆ ಬೆನ್ನು ಮಾಡಿ ಕೂತಳು. ನಾಗಪುರದಲ್ಲಿ ನಾವಿದ್ದಷ್ಟು ದಿನ ಅವಳು ಹಾಗೇ ಕೂತಳು. ಬೆಳಿಗ್ಗೆ ಒರೆಸುವುದನ್ನು ಮಾತ್ರ ಬಿಡಲಿಲ್ಲ.

ಎರಡು ವರ್ಷದ ಮೇಲೆ ಸರ್ವಿಸ್ ಸೆಂಟರ್ ಮುಚ್ಚಿತು. ಮುಚ್ಚುವ ಕಾಗದ ಮಾತ್ರ ಹೇಳಿದ ದಿನಕ್ಕೆ ಸರಿಯಾಗಿ ಬಂತು. ಮೂರು ದಿನದ ಬೋರ್ಡನ್ನು ಅಪ್ಪ ಬಿಚ್ಚಿ ಮನೆಗೆ ತಂದ, ಅವ್ವ ಅದನ್ನು ಅಕ್ಕಿ ಡ್ರಮ್ಮಿಗೆ ಮುಚ್ಚಳ ಮಾಡಿದಳು. ಹುಬ್ಬಳ್ಳಿಗೆ ಹೊರಡಲು ಸಾಮಾನು ಕಟ್ಟುವ ದಿನ ಅಪ್ಪ ಮತ್ತು ನಾನು ಟಿವಿಯನ್ನು ಗೋಣಿಯಲ್ಲಿ ಸುತ್ತುತ್ತಿದ್ದೆವು. ಅವನು ಹಗ್ಗದ ಗಂಟು ಬಿಗಿಯುತ್ತಾ, ಏನೋ ಹಳೆಯ ಸುದ್ದಿ ಹೇಳುವವನಂತೆ ಅಂದ: “ನಿಮ್ಮ ಅಜ್ಜಗ ಬಲಗೈಯಾಗ ಬರೀ ಎರಡs ಬೆರಳಿದ್ದವು. ಡಬ್ಬಿ ಜೋಡಸೂ ಮುಂದ ಸಿಕ್ಕೊಂಡು ಉಳದದ್ದು ಹೋಗಿದ್ದವು. ಝಂಡಾ ಯಾವಾಗಲೂ ಎಡಗೈಲೆನs ಹಿಡೀತಿದ್ದ.”

ನನ್ನ ಕೈಯಲ್ಲಿದ್ದ ಹಗ್ಗ ಸಡಿಲವಾಯಿತು. ಅವನು ಅದನ್ನು ಇಸಿದುಕೊಂಡು ತಾನೇ ಎಳೆದು ಕಟ್ಟಿದ. “ಅವತ್ತ ನಾ ಒಳಗs ಇದ್ನೆಲ್ಲ, ಕೇಳಿದೆ. ಆಕಿ ನಿನ್ನ ಮನಸ್ಸ ನೋಯಬಾರದಂತ ಹೂಂ ಅಂದ್ಲು. ನೀ ಬೇಜಾರ ಮಾಡ್ಕೋಬ್ಯಾಡ.”

ನಾನು ಅಡುಗೆಮನೆಗೆ ಹೋದೆ. ಅವ್ವ ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತುತ್ತಿದ್ದಳು. “ಅವ್ವಾ, ನಾ ಅವತ್ತ ಅಜ್ಜನ್ನ ನೋಡs ಇಲ್ಲ. ಕಾಕು ಮಾತಾಡಿಸಿದ್ರು, ತಿರುಗೂದ್ರಾಗ ಗಾಡಿ ಹೋಗಿತ್ತು,” ಎಂದೆ. ಹೇಳುತ್ತಾ ಅಳು ಬಂತು.

“ಗೊತ್ತೈತಿ,” ಎಂದಳು ಅವ್ವ, ತಂಬಿಗೆ ಸುತ್ತುವುದನ್ನು ನಿಲ್ಲಿಸದೆ. ಆಮೇಲೆ ಹೊರಗಿನ ಕೋಣೆಯ ಕಡೆ ನೋಡಿ ದನಿ ಇಳಿಸಿದಳು. “ನಿಮ್ಮಪ್ಪ ಒಳಗ ಕುಂತು ಕೇಳಾಕತ್ತಿದ್ರು. ಮಗಳರೆ ನೋಡಿ ಬಂದ್ಲು ಅಂತ ಅವರಿಗೆ ಸಮಾಧಾನ ಆಗ್ಲಿ ಅಂತ ಹೂಂ ಅಂದೆ. ನೀ ಅವರಿಗೆ ಹೇಳಬ್ಯಾಡ ಮತ್ತ. ಪಾಪ, ಅಜ್ಜನ ಕೈ ನೆನಪಿಲ್ಲ ಅವರಿಗೆ, ಅಷ್ಟರೆ ನಂಬಿಕೊಂಡದಾರ.”

ಹೇಳುವುದಿಲ್ಲ ಎಂದೆ. ಅವಳು ಕೊಟ್ಟ ಪೇಪರು ತೆಗೆದುಕೊಂಡು ನಾನೂ ಲೋಟಗಳನ್ನು ಸುತ್ತತೊಡಗಿದೆ. ಹೊರಗೆ ಅಪ್ಪ ಟಿವಿಯ ಮೇಲೆ ಇನ್ನೊಂದು ಸುತ್ತು ಹಗ್ಗ ಬಿಗಿಯುತ್ತಿರುವುದು ಕೇಳಿಸುತ್ತಿತ್ತು.